ಗುಳ್ಳೆ ನಡುವೆ ಬರಲಿ

ಸರೋವರದ ದಂಡೆಯಲ್ಲಿ ಮೋಟಾರ್‌ಹೋಮ್, ಅಂದರೆ ಒಳಗೇ ಮಲಗಿ ಉಣ್ಣುವ ನಮ್ಮ ಮನೆಗಾಡಿ, ನಿಲ್ಲಿಸಿದೆವು. ಎದುರಿಗೆ ನೀರು, ಅದರಾಚೆ ಬೆಟ್ಟಸಾಲು.
ಯಾರೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ರಸಮಟ್ಟದ ಗುಳ್ಳೆಯ ಮೇಲೆ! ಗುಳ್ಳೆ ನಡುವೆ ನಿಂತರೆ ಗಾಡಿ ಸಮವಾಗಿ ನಿಂತಿದೆ ಎಂದರ್ಥ.

ಬೆಟ್ಟದ ನೆಲ ಎಲ್ಲಿ ಸಮತಟ್ಟಾಗಿರುತ್ತದೆ? ಮಗಳು ಚಕ್ರದ ಮುಂದೆ ಹಲಗೆ ಇಡುತ್ತಾಳೆ, ಅಪ್ಪ "ಇನ್ನೊಂದು ಚೂರು ಮುಂದೆ" ಎನ್ನುತ್ತಾರೆ, ಗುಳ್ಳೆ ಮಾತ್ರ ಹಟ ಬಿಡುವುದಿಲ್ಲ.

ಇದು ಬರೀ ನಿದ್ದೆಯ ಪ್ರಶ್ನೆಯಲ್ಲ. ನಮ್ಮ ಗಾಡಿಯ ಗ್ಯಾಸ್ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಒಳಗಿನ ಅಮೋನಿಯಾ ದ್ರಾವಣ ಗುರುತ್ವದಿಂದಲೇ ಹರಿದು ಕೆಳಗಿಳಿಯಬೇಕು. ಗಾಡಿ ತೀರಾ ವಾಲಿದರೆ ಹರಿವು ಕಟ್ಟುತ್ತದೆ, ತಂಪೂ ಹೋಗುತ್ತದೆ.

ಮನೆಯಲ್ಲಿ ನೆಲ ಸಮವಾಗಿದೆಯೇ ಎಂದು ಯಾರು ಕೇಳುತ್ತಾರೆ?
ಇಲ್ಲಿ ಅಮ್ಮ ಮೇಜಿನ ಮೇಲೆ ನೀರಿನ ಲೋಟ ಇಟ್ಟು ಬಗ್ಗಿ ನೋಡುತ್ತಿದ್ದಾರೆ. ರಸಮಟ್ಟದ ಮೇಲೆ ಅವರಿಗೆ ನಂಬಿಕೆಯಿಲ್ಲ. ಅವರು ಸರಿ ಎನ್ನುವವರೆಗೆ ಕುರ್ಚಿಗಳು ಹೊರಗೆ ಬರುವಂತಿಲ್ಲ.