ಒಂದೇ ಗೆರೆ ನಂಬಬೇಡಿ

ಬಾಹ್ಯಾಕಾಶದ ಅಣುಗಳನ್ನು ಪತ್ತೆ ಮಾಡುವುದು ಅವು ಹೊಮ್ಮಿಸುವ ರೇಡಿಯೋ ಗೆರೆಗಳಿಂದ, ಅಂದರೆ ಆಯಾ ಅಣುವಿಗೇ ಮೀಸಲಾದ ಆವರ್ತನಗಳಿಂದ. ವೃಷಭ ರಾಶಿಯ ದಿಕ್ಕಿನಲ್ಲಿ ನಕ್ಷತ್ರಗಳ ನಡುವೆ ಇರುವ ಅನಿಲ-ಧೂಳಿನ ಮೋಡ ಟಿಎಂಸಿ-1; ಅದರ ತಾಪ 10 ಕೆಲ್ವಿನ್ ಆಸುಪಾಸು. ಅಷ್ಟು ತಣ್ಣಗಿರುವುದರಿಂದ ಅಲ್ಲಿನ ಅಣುಗಳ ರೇಡಿಯೋ ಗೆರೆಗಳು ಬಲು ಸಪೂರ: 20 ಗಿಗಾಹರ್ಟ್ಸ್ ಹತ್ತಿರ ಸುಮಾರು 20 ಕಿಲೋಹರ್ಟ್ಸ್ ಅಗಲ, ಅಷ್ಟೇ. ಆವರ್ತನಗಳನ್ನು ಬೇರ್ಪಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ಒಂದೊಂದು ಚಾನೆಲ್ಲಿನ (ಆವರ್ತನದ ತುಣುಕಿನ) ಅಗಲ 100 ಕಿಲೋಹರ್ಟ್ಸ್ ಇಟ್ಟರೆ ಗೆರೆ ಗದ್ದಲದಲ್ಲಿ ಕರಗಿಯೇಹೋಯಿತು; ಎರಡು ಮೂರು ಕಿಲೋಹರ್ಟ್ಸ್‌ಗೆ ಇಳಿಸಿದರೆ ಆಕಾರ ಕಾಣುತ್ತದೆ. ಇನ್ನೊಂದು, ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿರುತ್ತದೆ. ಆ ಓಟದಿಂದ ಗೆರೆಯ ಆವರ್ತನ ಆಚೀಚೆ ಸರಿಯುತ್ತದೆ; ಈ ಡಾಪ್ಲರ್ ಪಲ್ಲಟವನ್ನು ಕಳೆಯದೆ ಜನವರಿಯ ದತ್ತಾಂಶಕ್ಕೆ ಜುಲೈನದನ್ನು ಕೂಡಿಸಿದರೆ ಗಂಟೆಗಟ್ಟಲೆ ವೀಕ್ಷಣೆ ನೀರುಪಾಲು.

ಆಮೇಲೆ ಗೆರೆ ಯಾವ ಅಣುವಿನದು ಎಂದು ಗುರುತು ಹಿಡಿಯುವುದು. ನಿಜವಾದ ಕಷ್ಟ ಇಲ್ಲಿದೆ. 2003ರಲ್ಲಿ ಬಾಹ್ಯಾಕಾಶದ ಬೇರೆ ಮೋಡಗಳಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಸಿಕ್ಕಿತು ಎಂಬ ವರದಿ ಬಂತು. 2005ರಲ್ಲಿ ಮರುಪರಿಶೀಲಿಸಿದಾಗ, ಅದು ಇದ್ದಿದ್ದರೆ ಕಾಣಲೇಬೇಕಿದ್ದ ಬೇರೆ ಗೆರೆಗಳೇ ಇರಲಿಲ್ಲ. ಇಲ್ಲದ ಗೆರೆಯೂ ಸಾಕ್ಷಿ ಹೇಳುತ್ತದಲ್ಲ, ನನಗೆ ಈ ವಿಜ್ಞಾನದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಟಿಎಂಸಿ-1ರಲ್ಲೇ 2018ರಲ್ಲಿ ಸಿಕ್ಕ ಬೆಂಜೊನೈಟ್ರೈಲ್ ಎಂಬ ಇಂಗಾಲದ ಉಂಗುರವುಳ್ಳ ಅಣುವನ್ನು ನೋಡಿ. ಅಮೆರಿಕದ ಗ್ರೀನ್ ಬ್ಯಾಂಕ್‌ನ 100 ಮೀಟರ್ ರೇಡಿಯೋ ದೂರದರ್ಶಕದಲ್ಲಿ ಒಂದಲ್ಲ, ಹಲವು ಗೆರೆಗಳು. ಎಲ್ಲವೂ ಪ್ರಯೋಗಾಲಯದಲ್ಲಿ ಅಳೆದ ಆವರ್ತನಕ್ಕೆ ಸರಿಯಾಗಿ ಕೂತವು. ನೈಟ್ರೋಜನ್ ಪರಮಾಣುವಿನಿಂದಾಗಿ ಗೆರೆ ಸೀಳುವ ಬಗೆ ಕೂಡ ತಾಳೆಯಾಯಿತು.