ಚೀಟಿಯಲ್ಲಿ ಬಂದ ಹಾಡು
ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಒಂದು ಸಂಜೆ ಉಡುಪಿಯಲ್ಲಿ ಹಾಡು ಕಟ್ಟುವ ಊರಿನವರನ್ನು ಒಂದೇ ವೇದಿಕೆಗೆ ಕರೆದೆವು. ವೇಷವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು ಬರೆದಿಟ್ಟ ಮಾತಿಲ್ಲದೆ ಸ್ಥಳದಲ್ಲೇ ವಾದ ಬೆಳೆಸುವಂತೆ, ಇಲ್ಲಿ ಒಬ್ಬರ ಪಲ್ಲವಿಗೆ ಇನ್ನೊಬ್ಬರು ಅಲ್ಲೇ ಚರಣ ಕಟ್ಟಬೇಕೆಂಬುದು ನಿಯಮ. ವಿಷಯವನ್ನು ಪ್ರೇಕ್ಷಕರೇ ಚೀಟಿಯಲ್ಲಿ ಬರೆದು ಸ್ಟೀಲಿನ ಚೊಂಬಿಗೆ ಹಾಕಿದ್ದರು. ಮೊದಲು ಬಂದ ಚೀಟಿ ‘ಒಣಗದ ಬಟ್ಟೆ’. ತುಳುವಿನಲ್ಲಿ ಆರಂಭವಾದ ಆ ಹಾಡು ಕೊಂಕಣಿಗೆ ಹೊರಳಿ, ಬ್ಯಾರಿಯ ಒಂದು ಸಾಲನ್ನೂ ಸೇರಿಸಿಕೊಂಡು ಕನ್ನಡದಲ್ಲಿ ಮುಗಿಯುವಷ್ಟರಲ್ಲಿ ಶ್ರುತಿ ಒಂದು ಮನೆ ಮೇಲೇರಿತ್ತು. ಹಾರ್ಮೋನಿಯಂನವರು, ಪಾಪ, ಬೆವರುತ್ತಲೇ ಹಿಂಬಾಲಿಸಿದರು. ಹಾಡಿಗೆ 10 ನಿಮಿಷವೆಂದು ಗೊತ್ತುಮಾಡಿದ್ದು ನನ್ನದೇ ತಪ್ಪು, ಏಕೆಂದರೆ ಒಳ್ಳೆಯ ಸಾಲು ಸಿಕ್ಕಿದವರನ್ನು ವೇದಿಕೆಯಿಂದ ಇಳಿಸುವುದು ಯಾರಿಂದಲೂ ಆಗಲಿಲ್ಲ. ಚೊಂಬಿನಲ್ಲಿ ಇನ್ನೂ 23 ಚೀಟಿಗಳು ಉಳಿದಿವೆ.