ಎಳೆ ಎಣಿಸಿದೆ, ತಾಸು ಎಣಿಸಲಿಲ್ಲ

ಕಸೂತಿಯಲ್ಲಿ ಒಂದು ತೇರು ಹಾಕುವುದಕ್ಕೆ ಎಷ್ಟು ಹೊತ್ತು ಬೇಕು ಅಂತ 2017ರಲ್ಲಿ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತೇರಿನ ಬುಡಕ್ಕೆ ಎಷ್ಟು ಹೊಲಿಗೆ, ಮೇಲಿನ ಕಳಸಕ್ಕೆ ಎಷ್ಟು, ಒಂದು ಹೊಲಿಗೆಗೆ ಎಷ್ಟು ಎಳೆ ಅಂತ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ.

ನಾನು ಧಾರವಾಡದಲ್ಲಿ ಕಸೂತಿ ಹಾಕುತ್ತೇನೆ. ಮದುವೆಗೆ ಮುಂಚೆ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದೆ. ಕಸೂತಿ ಕಲಿತಿದ್ದು ಮದುವೆಯಾಗಿ ಬಂದ ಮೇಲೆ, ಅತ್ತೆಯವರಿಂದ. ಮೊದಲ ದಿನವೇ ಬಟ್ಟೆ ಮೇಲೆ ಪೆನ್ಸಿಲ್‌ನಿಂದ ನವಿಲು ಬರೆಯಲು ಹೋಗಿದ್ದೆ. ಅತ್ತೆ ಪೆನ್ಸಿಲ್ ಕಿತ್ತುಕೊಂಡು ಆಚೆ ಇಟ್ಟರು. "ಇದಕ್ಕ ಗೀಟು ಹೊಡಿಯಂಗಿಲ್ಲವಾ. ಎಣಿಸಬೇಕು" ಅಂದರು. ಕಸೂತಿಯ ಚಿತ್ರ ಬಟ್ಟೆಯ ನೇಯ್ಗೆಯ ಒಳಗೇ ಇರುತ್ತದೆ. ಉದ್ದ ಎಳೆ, ಅಡ್ಡ ಎಳೆ ಎಣಿಸುತ್ತಾ ಹೋದ ಹಾಗೆ ಗೋಪುರ, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ, ಗಿಳಿ, ಪಲ್ಲಕ್ಕಿ ಒಂದೊಂದಾಗಿ ಮೇಲೆ ಬರುತ್ತವೆ.

ಈಗ ಯಾವ ಎಂಬ್ರಾಯ್ಡರಿಗೂ ಕಸೂತಿ ಅನ್ನುವ ರೂಢಿ ಆಗಿದೆ. ನಮ್ಮ ಕಡೆಯ ಕಸೂತಿಗೆ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ನೇಯ್ಗೆ ಹೆಸರೇ ಹೇಳುವ ಹಾಗೆ ನೇಯ್ದಂತೆ ಕಾಣುತ್ತದೆ. ಮೆಂತೆ ಅಂದರೆ ಅಡ್ಡಡ್ಡ ಹಾಕುವ ಹೊಲಿಗೆ, ದೂರದಿಂದ ಮೆಂತೆ ಕಾಳು ಹರವಿದ ಹಾಗೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗವಂತಿ ಎಲ್ಲಕ್ಕಿಂತ ಸರಳ, ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಕಲಿಸಿದ್ದೂ ಅದೇ.

ಗವಂತಿಯಲ್ಲಿ ಸೂಜಿ ಒಂದು ದಾರಿಯನ್ನು ಎರಡು ಸಲ ನಡೆಯುತ್ತದೆ. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಆಗ ಬಟ್ಟೆ ಮೇಲೆ ಒಂದು ಗೆರೆ, ಒಂದು ಖಾಲಿ, ಒಂದು ಗೆರೆ, ಒಂದು ಖಾಲಿ. ತುದಿ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ನಡುವೆ ಕೊಂಬೆ ಒಡೆದರೆ ಆ ಕೊಂಬೆಯ ತುದಿವರೆಗೆ ಹೋಗಿ, ತುಂಬಿಕೊಂಡು ಬಂದು, ಮತ್ತೆ ದೊಡ್ಡ ದಾರಿ ಹಿಡಿಯಬೇಕು. ಎಲ್ಲೂ ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಹೊಲಿಗೆಗಳ ಅಡಿಯಲ್ಲೇ ಸೇರಿಸಬೇಕು. ಸರಿಯಾಗಿ ಹಾಕಿದರೆ ಬಟ್ಟೆಯ ಮುಂದೆ ಹಿಂದೆ ಒಂದೇ ಚಿತ್ರ, ಯಾವುದು ಮೇಲು, ಯಾವುದು ಕೆಳಗು ಹೇಳಲಾಗದು. ಮಷೀನ್ ಕೆಲಸವನ್ನು ಕಸೂತಿ ಅಂತ ಮಾರುವವರ ಬಳಿ ಮೊದಲು ಸೀರೆ ತಿರುವಿ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಮಗಳು ಹುಟ್ಟುವ ಮುಂಚೆ ನಾನು ಹಾಕಿದ ಮೊದಲ ಪೂರ್ತಿ ಕೆಲಸ ಅವಳದೇ ಕುಂಚಿಗೆ. ಕೂಸಿಗೆ ತಲೆಯಿಂದ ಬೆನ್ನವರೆಗೆ ಇಳಿಬಿಡುವ ಟೊಪ್ಪಿಗೆ ಅದು. ಹಿಂದೆ ನಮ್ಮ ಕಡೆ ಹೆಣ್ಣುಮಕ್ಕಳು ಕುಂಚಿಗೆ, ಕುಲಾಯಿ, ಕುಪ್ಪಸ, ಸೀರೆ ಎಲ್ಲಕ್ಕೂ ಕಸೂತಿ ಹಾಕಿಕೊಳ್ಳುತ್ತಿದ್ದರು. ಆ ಕುಂಚಿಗೆ ನೋಡಿ ಓಣಿಯ ಒಬ್ಬರು ಕೇಳಿದರು, ಅವರ ತಂಗಿ ಕೇಳಿದಳು. 2016ರ ಹೊತ್ತಿಗೆ ಮಗಳಿಗೆ ಮೂರು ವರ್ಷ, ನನಗೆ ತಿಂಗಳಿಗೆ ಎರಡು ಮೂರು ಆರ್ಡರ್. ಬೆಲೆ ಹೇಳಲು ನಾಚಿಕೆ. ದಾರದ ರೊಕ್ಕ, ಬಟ್ಟೆಯ ರೊಕ್ಕ, ಮೇಲೆ ಏನೋ ಇನ್ನೂರು ಮುನ್ನೂರು. ಅಷ್ಟೇ.

ಮರು ವರ್ಷ ಒಂದು ದೊಡ್ಡ ಆರ್ಡರ್ ಬಂತು. ಮಗಳ ಮದುವೆಗೆ ಚಂದ್ರಕಾಳಿ ಬೇಕು ಅಂತ ಒಬ್ಬರು ತಾಯಿ ಬಂದರು. ಚಂದ್ರಕಾಳಿ ಅಂದರೆ ಕಪ್ಪು ಇಳಕಲ್ ಸೀರೆ. ಅದಕ್ಕೆ ಕಸೂತಿ ಹಾಕಿಸಿ ಮದುಮಗಳಿಗೆ ಕೊಡುವುದು ಈ ಭಾಗದ ಹಳೆಯ ಪದ್ಧತಿ. ಸೀರೆ ಅವರೇ ತಂದಿದ್ದರು, ಟೋಪ ತೆನಿ ಸೆರಗು, ಕೆಂಪು ಬಿಳಿ ಹಲ್ಲು ಹಲ್ಲಾಗಿ ಹೆಣೆದುಕೊಂಡಿದ್ದು. ಸೆರಗಿನ ಹತ್ತಿರ ದೊಡ್ಡ ಚಿತ್ರ, ಒಡಲಿಗೆ ಹೋದ ಹಾಗೆ ಚಿಕ್ಕದಾಗುತ್ತಾ ಬರಬೇಕು. ನಾಲ್ಕು ತೇರು, ನಾಲ್ಕು ಆನೆ, ಹತ್ತು ವೃಂದಾವನ, ಆಮೇಲೆ ಉದ್ದಕ್ಕೂ 84 ಚಿಕ್ಕಿ, ಅಂದರೆ ಚಿಕ್ಕ ನಕ್ಷತ್ರ. "ಎಷ್ಟು ದಿನ?" ಅಂದರು. "ಮೂರು ವಾರ" ಅಂದೆ. "ಎಷ್ಟು?" ಅಂದರು. "1,800" ಅಂದೆ. ಎರಡೂ ಬಾಯಿಗೆ ಬಂದ ಮಾತು. ಅವರ ಮುಖ ಖುಷಿಯಾಗಲಿ ಅಂತ ಬಂದ ಮಾತು.

ಮದುವೆ 23ನೇ ದಿನ ಇತ್ತು.

ಎರಡನೇ ವಾರದಲ್ಲಿ ಮಗಳಿಗೆ ಜ್ವರ. ಹಣೆಗೆ ಒದ್ದೆ ಬಟ್ಟೆ ಇಡುವುದು, ಬಂದು ಎರಡು ಹೊಲಿಗೆ ಹಾಕುವುದು, ಮತ್ತೆ ಏಳುವುದು. ಮೂರನೇ ತೇರು ಅರ್ಧಕ್ಕೆ ಬಂದಿತ್ತು. ಅವಳು ಅತ್ತ ತಕ್ಷಣ ಸೂಜಿಯನ್ನು ಇದ್ದಲ್ಲೇ ಚುಚ್ಚಿ ಎದ್ದು ಹೋದೆ. ರಾತ್ರಿ ಬಂದು ಕೂತರೆ ನಾನು ಹೋಗುವ ದಾರಿಯಲ್ಲಿದ್ದೆನೋ, ಬರುವ ದಾರಿಯಲ್ಲಿದ್ದೆನೋ ಗೊತ್ತಾಗಲಿಲ್ಲ. ಕಪ್ಪು ಬಟ್ಟೆ, ಟ್ಯೂಬ್‌ಲೈಟ್ ಬೆಳಕು. ಅಂದಾಜಿನಲ್ಲಿ ಮುಂದುವರಿಸಿದೆ. ಬೆಳಗಿನ ಜಾವ ಕಳಸದ ಹತ್ತಿರ ಬಂದಾಗ ಎಡ ಬಲದ ಗೆರೆಗಳು ಸೇರಲಿಲ್ಲ. ಒಂದೇ ಒಂದು ಎಳೆ ಅಂತರ. ಬುಡದಲ್ಲಿ ನಾಲ್ಕರ ಬದಲು ಮೂರು ಎಳೆ ಎತ್ತಿದ್ದೆ.

ಒಂದು ಎಳೆ, ಯಾರಿಗೆ ಕಾಣುತ್ತದೆ ಅಂತ ಅನ್ನಿಸಿತು. ಕಳಸವನ್ನು ಸ್ವಲ್ಪ ವಾರೆ ಮಾಡಿ ಸೇರಿಸಿದೆ. ಅತ್ತೆ ಚಹಾ ಕುಡಿಯುತ್ತಾ ಸೀರೆ ಎತ್ತಿಕೊಂಡರು. ಮುಂದಿನ ಭಾಗ ನೋಡಲೇ ಇಲ್ಲ, ತಿರುವಿ ಹಿಂದೆ ನೋಡಿದರು. ಬೆರಳು ನೇರ ಆ ಬುಡದ ಮೇಲೆ ಹೋಗಿ ನಿಂತಿತು. "ಬಿಚ್ಚವಾ. ಇವತ್ತ ಬಿಚ್ಚಿದ್ರ ಒಂದು ತಾಸಿನ ಮಾತು" ಅಂದರು. ಬಿಚ್ಚಿದೆ. ಸೂಜಿಯ ಮೊಂಡು ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ಬಟ್ಟೆಯ ಎಳೆ ಹರಿಯದ ಹಾಗೆ ದಾರ ಎಳೆಯಬೇಕು. ತಾಸಲ್ಲ, ಅರ್ಧ ದಿನ ಹಿಡಿಯಿತು.

ಸೀರೆ ಮುಗಿದದ್ದು 26ನೇ ದಿನ. ಮದುವೆ ಆಗಿ ಮೂರು ದಿನ ಕಳೆದಿತ್ತು. ನಾನೇ ತೆಗೆದುಕೊಂಡು ಹೋದೆ. ಆ ತಾಯಿ ಸೆರಗು ಹರವಿ, ಆನೆಯ ಮೇಲೆ ಕೈಯಾಡಿಸಿ, ಬಹಳ ಹೊತ್ತು ನೋಡಿದರು. "ಚಂದ ಆಗೇತಿ. ಆದ್ರ ಹುಡುಗಿ ಗಂಡನ ಮನಿಗೆ ಹೋಗ್ಯಾಳ" ಅಂದರು. ಬೈಯಲಿಲ್ಲ. ಪೂರ್ತಿ 1,800 ಕೊಟ್ಟರು. ನಾನು ತೆಗೆದುಕೊಂಡಿದ್ದು ಇವತ್ತಿಗೂ ಮನಸ್ಸಿನಲ್ಲಿದೆ.

ಜ್ವರ ಬಂದಿದ್ದಕ್ಕೆ ಹೀಗಾಯಿತು ಅಂತ ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅನುಮಾನ ಬಂತು. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದು, ಮೊಬೈಲಿನ ಗಡಿಯಾರ ಎದುರಿಗಿಟ್ಟು, ಬೇರೆ ಬಟ್ಟೆಯ ಮೇಲೆ ಒಂದೊಂದು ಚಿತ್ರ ಹಾಕಿ ಬರೆದಿಟ್ಟೆ. ಒಂದು ಚಿಕ್ಕಿಗೆ 25 ನಿಮಿಷ. ವೃಂದಾವನಕ್ಕೆ ಎರಡೂವರೆ ತಾಸು. ತೇರಿಗೆ 9. ಅಂಬಾರಿ ಆನೆಗೆ 11. ಆ ಸೀರೆಗೆ ಕೂಡಿಸಿದರೆ 140 ತಾಸು, ಬಿಚ್ಚಿದ್ದು ಬಿಟ್ಟು.

ನಂತರ ಇನ್ನೊಂದು ಹಾಳೆ. ದಿನಕ್ಕೆ ನಾನು ನಿಜವಾಗಿ ಸೂಜಿ ಹಿಡಿಯುವುದು ಎಷ್ಟು ಹೊತ್ತು? ಕೇಳಿದ್ದರೆ ಏಳೆಂಟು ತಾಸು ಅನ್ನುತ್ತಿದ್ದೆ, ಯಾಕೆಂದರೆ ಬೆಳಗಿನಿಂದ ಸೀರೆ ಪಕ್ಕದಲ್ಲೇ ಇರುತ್ತಿತ್ತಲ್ವಾ. ಹದಿನೈದು ದಿನ ಬರೆದೆ. ಸರಾಸರಿ ಮೂರೂವರೆ ತಾಸು ಬಂತು. ಅಡುಗೆ, ನೀರು ಬರುವ ದಿನದ ಓಡಾಟ, ಮಗಳ ಊಟ, ಅತ್ತೆಯ ಔಷಧಿ, ಬಂದವರಿಗೆ ಚಹಾ. 140 ತಾಸನ್ನು ಮೂರೂವರೆಯಿಂದ ಭಾಗಿಸಿದರೆ 40 ದಿನ. ಮೂರು ವಾರ ಅಂತ ಬಾಯಿ ಬಿಟ್ಟ ಕ್ಷಣವೇ ನಾನು ಆ ಮದುಮಗಳಿಗೆ ಸುಳ್ಳು ಹೇಳಿಯಾಗಿತ್ತು. ಜ್ವರ ಬಾರದಿದ್ದರೂ ಆ ಸೀರೆ ಮೂರು ವಾರಕ್ಕೆ ಮುಗಿಯುತ್ತಿರಲಿಲ್ಲ. 26ನೇ ದಿನಕ್ಕೆ ಮುಗಿದದ್ದೂ ರಾತ್ರಿ ನಿದ್ದೆಗೆಟ್ಟು ಕೂತಿದ್ದಕ್ಕೆ. ದುಡ್ಡಿನ ಲೆಕ್ಕವೂ ಅದೇ ಹಾಳೆಯಲ್ಲಿತ್ತು. 1,800 ರೂಪಾಯಿಗೆ 140 ತಾಸು ಅಂದರೆ ತಾಸಿಗೆ 13 ರೂಪಾಯಿಯೂ ಇಲ್ಲ. ಅದನ್ನು ನೋಡಿ ಸುಮ್ನೆ ಕೂತುಬಿಟ್ಟೆ.

ಮೊದಲು ಬದಲಿಸಿದ್ದು ಸೂಜಿ ಬಿಡುವ ಜಾಗ. ಮಗು ಕರೆದರೆ ಏಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ದೊಡ್ಡ ಚಿತ್ರವನ್ನು ಚಿಕ್ಕ ಚಿಕ್ಕ ಸುತ್ತಾಗಿ ಒಡೆದೆ. ಕೊಂಬೆಯೊಂದರ ತುದಿಗೆ ಹೋಗಿ ತುಂಬಿಕೊಂಡು ವಾಪಸ್ ಬರುವುದು ಒಂದು ಸುತ್ತು. ಹತ್ತು ನಿಮಿಷಕ್ಕಿಂತ ಉದ್ದದ ಸುತ್ತು ಇಡುವುದಿಲ್ಲ. "ಅವ್ವಾ" ಅಂತ ಕೂಗು ಬಂದರೆ "ಈ ಸುತ್ತು ಮುಗಿಸಿ ಬಂದೆ" ಅನ್ನುತ್ತೇನೆ, ಮುಗಿಸಿಯೇ ಏಳುತ್ತೇನೆ. ಮಗಳಿಗೂ ಅದು ರೂಢಿಯಾಯಿತು. ನಾಲ್ಕು ವರ್ಷದವಳು ಪಕ್ಕದಲ್ಲಿ ನಿಂತು "ಹೊಂಟೀಯೋ, ಬರಾಕತ್ತೀಯೋ?" ಅಂತ ಕೇಳುತ್ತಿದ್ದಳು. ತುರ್ತಾಗಿ ಏಳಬೇಕಾದರೆ ಹೋಗುವ ದಾರಿಯಲ್ಲಿದ್ದಾಗ ಕೆಂಪು ಗುಂಡುಪಿನ್ನು, ಬರುವ ದಾರಿಯಲ್ಲಿದ್ದಾಗ ಬಿಳಿ ಗುಂಡುಪಿನ್ನು ಚುಚ್ಚಿಡುತ್ತೇನೆ. ಆ ಎರಡು ಪಿನ್ನು ನನಗೆ ಎಷ್ಟು ರಾತ್ರಿಯ ನಿದ್ದೆ ಉಳಿಸಿವೆಯೋ.

ಬೆಲೆ ಬದಲಿಸುವುದು ಇದಕ್ಕಿಂತ ಕಷ್ಟವಾಯಿತು. 2018ರಲ್ಲಿ ತಾಸಿಗೆ 40 ರೂಪಾಯಿ ಅಂತ ಲೆಕ್ಕ ಹಾಕಿ ಹೇಳಲು ಶುರು ಮಾಡಿದೆ. ಅಂಥದೇ ಸೀರೆಗೆ ಆಗ ಕೈಕೆಲಸವೇ 5,600. ಬರುತ್ತಿದ್ದವರಲ್ಲಿ ಅರ್ಧ ಜನ ಬರುವುದನ್ನೇ ನಿಲ್ಲಿಸಿದರು. "ದಾರಕ್ಕ ಎಷ್ಟ ಆಗ್ತದ ಅಕ್ಕಾ, ಇಷ್ಟ್ಯಾಕ?" ಅಂದರು. ದಾರಕ್ಕೆ ನಿಜವಾಗಿಯೂ ಬಹಳ ಆಗುವುದಿಲ್ಲ. ಒಂದು ಲಡಿ ಅಂದರೆ 8 ಮೀಟರ್, ಅದರಲ್ಲಿ ಆರು ಎಳೆ, ನಾನು ಎರಡೆರಡು ಎಳೆ ಬಿಡಿಸಿ ಹಾಕುತ್ತೇನೆ. ಹಾಗೆ ಕೇಳಿದವರಿಗೆ ನಾನು ನೋಟ್‌ಬುಕ್ ತೋರಿಸಲು ಶುರು ಮಾಡಿದೆ. ಇಗೋ ಆನೆ, ಇಗೋ 11 ತಾಸು. ಕೆಲವರು ನೋಡಿ ಹೋದರು. ಕೆಲವರು ನಾಲ್ಕು ಆನೆಯ ಬದಲು ಒಂದು ಆನೆ ಸಾಕು ಅಂದರು. ಅದು ನನಗೆ ಇಷ್ಟವಾಯಿತು. ಬೆಲೆ ಇಳಿಸುವ ಬದಲು ಚಿತ್ರ ಕಡಿಮೆ ಮಾಡಿದರೆ ಅವರ ಕೈಗೂ ಎಟಕುತ್ತದೆ, ನನ್ನ ತಾಸಿಗೂ ಮರ್ಯಾದೆ ಉಳಿಯುತ್ತದೆ. ಈಗ ತಾಸಿಗೆ 80 ತೆಗೆದುಕೊಳ್ಳುತ್ತೇನೆ. ಒಂದು ಕುಂಚಿಗೆಗೆ 18 ತಾಸು, ಅಂದರೆ 1,440, ಮೇಲೆ ಬಟ್ಟೆ ದಾರ. ಇದೂ ಕಡಿಮೆಯೇ ಅಂತ ನನಗೆ ಗೊತ್ತು.

ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಎಲ್ಲರೂ "ಹೊತ್ತು ಹೋಗಲಿ ಅಂತ ಮಾಡೋದು" ಅನ್ನುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಮಾತು. ತಾಯಿಯಾದವಳಿಗೆ ಹೊತ್ತು ತಾನಾಗಿ ಹೋಗುತ್ತದೆ, ಅದನ್ನು ಕಳೆಯುವ ಅಗತ್ಯವೇ ಇಲ್ಲ. ಆ ಮೂರೂವರೆ ತಾಸನ್ನು ನಾನು ನಿದ್ದೆಯಿಂದ, ವಿಶ್ರಾಂತಿಯಿಂದ, ತವರಿಗೆ ಹೋಗುವ ದಿನಗಳಿಂದ ತೆಗೆದಿರುತ್ತೇನೆ. ಕಸೂತಿಗೆ ಜಿಐ ಮಾನ್ಯತೆ, ಅಂದರೆ ಇದು ಈ ಭಾಗದ್ದೇ ಕೆಲಸ ಅನ್ನುವ ಭೌಗೋಳಿಕ ಗುರುತು ಇದೆ, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯದ ಪೆಹಚಾನ್ ಎಂಬ ಗುರುತಿನ ಕಾರ್ಡ್ ಇದೆ. ಇವೆರಡೂ ಬೇಕು, ಮಾಡಿಸಿಕೊಳ್ಳದವರು ಕಾರ್ಡ್ ಮಾಡಿಸಿಕೊಳ್ಳಿ. ಆದರೆ ನಮ್ಮ ತಾಸು ಎಷ್ಟು ಅಂತ ಯಾವ ಕಾರ್ಡಿನಲ್ಲೂ ಬರೆದಿರುವುದಿಲ್ಲ. ಅದನ್ನು ನಾವೇ ಬರೆಯಬೇಕು.

2020ರ ಲಾಕ್‌ಡೌನ್‌ನಲ್ಲಿ ಆರ್ಡರ್ ಎಲ್ಲ ನಿಂತಾಗ ಓಣಿಯ ಮೂವರು ಹೆಣ್ಣುಮಕ್ಕಳಿಗೆ ಕಲಿಸಿದೆ. ಈಗ ನಾವು ನಾಲ್ವರು. ಮೊದಲಿಗೆ ಒಂದು ಸೀರೆಯನ್ನು ಹಂಚಿಕೊಂಡು ಹಾಕಿದೆವು, ಬೇಗ ಮುಗಿಯಲಿ ಅಂತ. ಅದು ತಪ್ಪಾಯಿತು. ಒಬ್ಬೊಬ್ಬರು ದಾರ ಎಳೆಯುವ ಬಿಗಿ ಒಂದೊಂದು ಥರ. ಒಬ್ಬರ ಆನೆ ಬಟ್ಟೆಯನ್ನು ಸುಕ್ಕು ಮಾಡಿತ್ತು, ಇನ್ನೊಬ್ಬರದು ಸಡಿಲವಾಗಿ ಎದ್ದು ನಿಂತಿತ್ತು. ಎಣಿಕೆ ಇಬ್ಬರದೂ ಸರಿಯಾಗಿತ್ತು. ಅಂದಿನಿಂದ ಒಂದು ಸೀರೆ ಒಂದೇ ಕೈಗೆ. ಚಿಕ್ಕ ಕೆಲಸ, ಅಂದರೆ ಕುಂಚಿಗೆ, ಕುಪ್ಪಸದ ತೋಳು, ಟೇಬಲ್ ಮೇಲಿನ ಬಟ್ಟೆ, ಇವನ್ನು ಹಂಚಿಕೊಳ್ಳುತ್ತೇವೆ. ರೇಷ್ಮೆಯಂಥ ಎಳೆ ಎಣಿಸಲಾಗದ ಬಟ್ಟೆ ಬಂದರೆ ಮೇಲೆ ಜಾಳಾದ ಕ್ಯಾನ್ವಾಸನ್ನು ಕಚ್ಚಾ ಹೊಲಿಗೆಯಿಂದ ಕೂರಿಸಿ, ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆ ಎಳೆ ತೆಗೆಯುವ ಹೊತ್ತನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಒಂದು ರವಿಕೆಗೆ ಮೂರು ತಾಸು ಅದಕ್ಕೇ ಹೋಗಿತ್ತು.

ನಾಲ್ವರ ಹತ್ತಿರವೂ ನೋಟ್‌ಬುಕ್ ಇದೆ. ನಾಲ್ವರಲ್ಲಿ ಒಬ್ಬಳಿಗೆ ಎರಡು ವರ್ಷದ ಅವಳಿ ಮಕ್ಕಳು. ಅವಳ ಪುಸ್ತಕದಲ್ಲಿ ದಿನಕ್ಕೆ ಒಂದು ತಾಸು ಹತ್ತು ನಿಮಿಷ ಬರುತ್ತದೆ. ಅದನ್ನು ತೋರಿಸುವಾಗ ತಲೆ ತಗ್ಗಿಸಿದ್ದಳು. ನಾವು ಅಷ್ಟಕ್ಕೇ ಲೆಕ್ಕ ಹಾಕಿ, 18 ತಾಸಿನ ಕುಂಚಿಗೆಗೆ 16 ದಿನ ಅಂತ ಬರೆದೆವು. 15ನೇ ದಿನ ಕೊಟ್ಟಳು. ತಿರುವಿ ನೋಡಿದೆ, ಹಿಂದೆ ಮುಂದೆ ಒಂದೇ ಥರ ಇತ್ತು.

ಹೋದ ವಾರ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು, ಮಗಳ ಮದುವೆಗೆ ಚಂದ್ರಕಾಳಿ ಬೇಕಂತೆ. ತೇರು ಎಷ್ಟು, ಆನೆ ಎಷ್ಟು ಅಂತ ಕೇಳಿಕೊಂಡು, "ಹತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡತೇನ್ರಿ" ಅಂದೆ. ನೋಟ್‌ಬುಕ್ ತೆಗೆದೆ. ಕೆಲಸದ ದಿನಗಳಿಗೆ ಮಗಳು ಪರೀಕ್ಷೆಗೆ ಓದುವ ಎರಡು ವಾರ, ಹಬ್ಬದ ನಾಲ್ಕು ದಿನ, ಒಬ್ಬರಿಗಾದರೂ ಜ್ವರ ಬರುತ್ತದೆ ಅಂತ ಐದು ದಿನ ಕೂಡಿಸಿದೆ. 63 ದಿನ ಬಂತು. ಮದುವೆಗೆ 70 ದಿನ ಇತ್ತು.

ಫೋನ್ ಮಾಡಿ, ಸೀರೆ ಕಳಿಸಿ ಅಂದೆ.